ಇಂಗ್ಲೆಂಡಿನ ವೃದ್ಧಪೋಷಣೆ: ವಿಧಿಯೂ ವಿಕಲ್ಪವೂ

ವ್ಯಾಕರಣಶಾಸ್ತ್ರದಲ್ಲಿ ಸೂತ್ರಗಳು ನಿತ್ಯವೆಂತಲೂ ವಿಕಲ್ಪವೆಂತಲೂ ಎರಡು ಬಗೆಯಾಗಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಮೊದಲನೆಯದು ತಪ್ಪದೆ ಪ್ರವರ್ತಿಸುತ್ತದೆ. ಎರಡನೆಯದು ಪ್ರಯೋಗಿಸುವವನ ಇಚ್ಛೆಯನ್ನು ಅನುಸರಿಸುತ್ತದೆ. ರಾಜಶಾಸನಗಳಲ್ಲಿಯೂ ಈ ಭೇದವುಂಟು. ‘ಕೊಡತಕ್ಕದ್ದು’ ಎಂದು ಶಾಸನವು ನುಡಿದರೆ ಅದು ವಿಧಿ. ‘ಕೊಡಬಹುದು’ ಎಂದರೆ ವಿಕಲ್ಪ. ಈ ಎರಡು ಕ್ರಿಯಾರೂಪಗಳ ನಡುವಣ ಅಂತರವು ಪಂಡಿತರ ಚರ್ಚೆಗೆ ಮಾತ್ರ ಸಂಬಂಧಿಸಿದುದಲ್ಲ. ಹಸಿದವನ ಪಾಲಿಗೆ ಅದು ಊಟಕ್ಕೂ ಉಪವಾಸಕ್ಕೂ ಇರುವ ಅಂತರ. ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ನಾಲ್ಕು ಶತಮಾನಗಳ ಕಾಲ ನಿರ್ಗತಿಕ ವೃದ್ಧರನ್ನು ಪೋಷಿಸಿದ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಮಧ್ಯಯುಗದಲ್ಲಿ ಆ ದೇಶದ ಬಡವರಿಗೆ ಕ್ರೈಸ್ತ ಸಂನ್ಯಾಸಿಗಳ ಮಠಗಳು ಒಂದು ಮುಖ್ಯ ಆಶ್ರಯವಾಗಿದ್ದುವು. ೧೫೩೬ರಿಂದ ೧೫೪೦ರ ವರೆಗೆ ಎಂಟನೆಯ ಹೆನ್ರಿ ದೊರೆಯು ಈ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡನು. ದಾನದ ಒಂದು ಮೂಲವು ಹೀಗೆ ಬತ್ತಿತು. ಧಾನ್ಯದ ಬೆಲೆಯೋ ಶತಮಾನದ ಕೊನೆಯಲ್ಲಿ ವಿಪರೀತವಾಗಿ ಏರಿತು. ಈ ಸಂಕಟದಲ್ಲಿ ಹುಟ್ಟಿದುದೇ ಎಲಿಜಬೆತ್ ರಾಣಿಯ ಕಾಲದ ದರಿದ್ರಪೋಷಣ ಶಾಸನ. ೧೫೯೮ರಲ್ಲಿ ಮೊದಲು ರೂಪುಗೊಂಡ ಇದು ೧೬೦೧ರಲ್ಲಿ ಸ್ಥಿರವಾಯಿತು.

ಈ ಶಾಸನದ ಪ್ರಕಾರ ಪೋಷಣೆಯ ಭಾರವು ‘ಪ್ಯಾರಿಷ್’ ಎಂಬ, ಒಂದೊಂದು ಇಗರ್ಜಿಗೆ ಸೇರಿದ, ಗ್ರಾಮಕ್ಷೇತ್ರದ ಮೇಲೆ ಬಿದ್ದಿತು. ಇಗರ್ಜಿಯ ಧರ್ಮದರ್ಶಿಗಳ ಜೊತೆಗೆ ಊರಿನ ಅನುಕೂಲಸ್ಥ ಗೃಹಸ್ಥರಲ್ಲಿ ನಾಲ್ವರನ್ನೋ ಮೂವರನ್ನೋ ಇಬ್ಬರನ್ನೋ ಪ್ರತಿವರ್ಷವೂ ಬಡವರ ಮೇಲ್ವಿಚಾರಕರನ್ನಾಗಿ ನೇಮಿಸತಕ್ಕದ್ದು. ಅವರು ಊರಿನವರ ಮೇಲೆ ತೆರಿಗೆ ಹಾಕಿ ಕುಂಟರು, ಕುರುಡರು, ಅಶಕ್ತರು, ವೃದ್ಧರು ಇವರ ಪೋಷಣೆಗೆ ಬೇಕಾದ ಹಣವನ್ನು ಕೂಡಿಸತಕ್ಕದ್ದು. ಇಲ್ಲಿ ಕ್ರಿಯಾಪದವೆಲ್ಲವೂ ವಿಧ್ಯರ್ಥದಲ್ಲಿಯೇ ಇದೆ. ಶಕ್ತರಾದ ಮಕ್ಕಳು ದರಿದ್ರರೂ ವೃದ್ಧರೂ ಆದ ತಂದೆತಾಯಿಗಳನ್ನು ಸಲಹತಕ್ಕದ್ದೆಂಬ ನಿಯಮವೂ ಇದೇ ಶಾಸನದಲ್ಲಿ ಸೇರಿದೆ. ಆದರೆ ಪೋಷಣೆಯ ರೂಪವೇನೆಂಬುದು ಆಯಾ ಊರಿಗೆ ಬಿಟ್ಟ ವಿಷಯವಾಗಿತ್ತು. ಸಾಮಾನ್ಯವಾಗಿ ವಾರಕ್ಕಿಷ್ಟು ಕಾಸು, ಬ್ರೆಡ್ಡು, ಸೌದೆ, ಬಟ್ಟೆ ಇವು ಮುದುಕರ ಗುಡಿಸಲಿಗೇ ಹೋಗುತ್ತಿದ್ದುವು. ಕೊಡುವವನೂ ಕೊಳ್ಳುವವನೂ ಒಂದೇ ಊರಿನವರು. ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿದುದೇ. ಈ ಪದ್ಧತಿಯ ಗುಣವೂ ಅದೇ, ದೋಷವೂ ಅದೇ. ಸ್ವಂತ ಊರಿನ ಮುದುಕನಿಗೆ ದಯೆ ತೋರಿದವರೇ ಪರಸ್ಥಳದಿಂದ ಬಂದ ಬಡವನನ್ನು, ೧೬೬೨ರ ಶಾಸನದ ಆಧಾರದಿಂದ, ಅವನ ಮೂಲಸ್ಥಳಕ್ಕೆ ಅಟ್ಟುತ್ತಿದ್ದರು.

ಹದಿನೆಂಟನೆಯ ಶತಮಾನದಲ್ಲಿ ತೆರಿಗೆಯ ಹೊರೆ ಬೆಳೆದಂತೆಲ್ಲ ಬಡವರನ್ನು ಒಂದೇ ಸೂರಿನಡಿ ಕೂಡಿಹಾಕುವ ಯೋಚನೆಯು ಬಲಗೊಂಡಿತು. ‘ವರ್ಕ್‌ಹೌಸ್’ ಎಂಬ ದುಡಿಮೆಯ ಮನೆಗೆ ಬರಲೊಪ್ಪದವನಿಗೆ ಸಹಾಯವನ್ನು ನಿರಾಕರಿಸುವ ಅಧಿಕಾರವು ೧೭೨೩ರಲ್ಲಿ ಪ್ಯಾರಿಷ್‌ಗಳಿಗೆ ದೊರೆಯಿತು. ೧೭೮೨ರ ಗಿಲ್ಬರ್ಟನ ಶಾಸನವು ಕೊಂಚ ಮೃದುವಾದುದು. ಅದರಂತೆ ಪ್ಯಾರಿಷ್‌ಗಳು ಇಷ್ಟಪಟ್ಟರೆ ಒಂದುಗೂಡಿ ವೃದ್ಧರು, ರೋಗಿಗಳು ಮುಂತಾದ ಅಶಕ್ತರಿಗಾಗಿ ಆಶ್ರಯಗೃಹವನ್ನು ಕಟ್ಟಬಹುದಾಗಿತ್ತು.

೧೮೩೪ರ ಹೊಸ ಶಾಸನವು ಈ ಹಳೆಯ ವ್ಯವಸ್ಥೆಯನ್ನು ಬುಡಮೇಲು ಮಾಡಿತು. ಪ್ಯಾರಿಷ್‌ಗಳನ್ನು ಕೂಡಿಸಿ ‘ಯೂನಿಯನ್’ಗಳನ್ನು ರಚಿಸಿದರು, ಒಂದೊಂದಕ್ಕೂ ತೆರಿಗೆದಾರರು ಚುನಾಯಿಸಿದ ಪಾಲಕಮಂಡಲಿಯೊಂದು ಏರ್ಪಟ್ಟಿತು, ಇವೆಲ್ಲಕ್ಕೂ ಮೇಲೆ ಲಂಡನ್ನಿನಲ್ಲಿ ಮೂವರು ಕಮೀಷನರುಗಳು ಕುಳಿತರು. ದುಡಿಯಬಲ್ಲ ಸೋಮಾರಿಗಳು ತೆರಿಗೆಯ ಹಣವನ್ನು ನುಂಗಬಾರದೆಂಬುದು ಈ ಸುಧಾರಕರ ಗುರಿ. ಆದಕಾರಣ ವರ್ಕ್‌ಹೌಸಿನ ಬಾಳು ಹೊರಗಿನ ಅತಿ ಬಡ ಕೂಲಿಯವನ ಬಾಳಿಗಿಂತಲೂ ಅನಾಕರ್ಷಕವಾಗಿರಬೇಕೆಂಬ ತತ್ತ್ವವನ್ನು ಅವರು ಹಿಡಿದರು. ವೃದ್ಧರಿಗೆ ಪ್ರತ್ಯೇಕವಾದ ಮನೆಗಳಿರಬೇಕೆಂದು ಶಾಸನಕ್ಕೆ ಮೂಲವಾದ ವರದಿಯಲ್ಲಿ ಸೂಚನೆಯೇನೋ ಇದ್ದಿತು. ಆದರೆ ಬಹುಮಟ್ಟಿನ ಯೂನಿಯನ್ನುಗಳು ಖರ್ಚಿಗಂಜಿ ಒಂದೇ ದೊಡ್ಡ ಕಟ್ಟಡವನ್ನು ಎಬ್ಬಿಸಿದುವು. ಸೋಮಾರಿಯನ್ನು ಹೆದರಿಸಲು ಕಟ್ಟಿದ ಗೋಡೆಗಳ ಒಳಗೆ ಎಂಬತ್ತು ವರ್ಷದ ಮುದುಕಿಯೂ ಸೇರಬೇಕಾಯಿತು. ಹೊರಗೆ ಉಳಿದ ವೃದ್ಧರೇ ಸಂಖ್ಯೆಯಲ್ಲಿ ಹೆಚ್ಚೆಂಬುದು ನಿಜ. ಆದರೆ ಅವರಿಗೆ ಸಲ್ಲುತ್ತಿದ್ದ ಕೆಲವು ಷಿಲ್ಲಿಂಗುಗಳೂ ಬ್ರೆಡ್ಡೂ ಪಾಲಕಮಂಡಲಿಯ ಮರ್ಜಿಯನ್ನು ಅವಲಂಬಿಸಿದ್ದುವು.

ಕಮೀಷನರುಗಳು ೧೮೩೫ರಲ್ಲಿ ಪ್ರಕಟಿಸಿದ ಆಹಾರಪಟ್ಟಿಗಳು ಈ ವಿಷಯದಲ್ಲಿ ಗಮನಾರ್ಹವಾಗಿವೆ. ಆರು ಮಾದರಿಗಳನ್ನು ಕೊಟ್ಟು, ಒಂದೊಂದು ದಿನಕ್ಕೆ ಬ್ರೆಡ್ಡು, ಅಂಬಲಿ, ಗಿಣ್ಣು, ಮಾಂಸ ಇವು ಎಷ್ಟೆಷ್ಟು ಔನ್ಸೆಂದು ನಿಗದಿಮಾಡಲಾಗಿತ್ತು. ಪಟ್ಟಿಯ ಅಡಿಯಲ್ಲಿ ವೃದ್ಧರನ್ನು ಕುರಿತು ಒಂದು ಸಣ್ಣ ಟಿಪ್ಪಣಿ ಇದೆ: ಅರವತ್ತು ವರ್ಷ ಮೀರಿದವರಿಗೆ ಬೆಳಗಿನ ಅಂಬಲಿಗೆ ಬದಲಾಗಿ ವಾರಕ್ಕೆ ೧ ಔನ್ಸು ಚಹ, ೫ ಔನ್ಸು ಬೆಣ್ಣೆ, ೭ ಔನ್ಸು ಸಕ್ಕರೆಯನ್ನು, ಉಚಿತವೆಂದು ತೋರಿದರೆ, ಕೊಡಬಹುದು. ಒಂದು ಔನ್ಸೆಂದರೆ ಸುಮಾರು ಎರಡೂವರೆ ತೊಲ. ಏಳು ದಿನಗಳಿಗೆ ಎರಡೂವರೆ ತೊಲ ಚಹದ ಪುಡಿ! ಅದಕ್ಕೂ ‘ಉಚಿತವೆಂದು ತೋರಿದರೆ’ ಎಂಬ ಕಟ್ಟು. ಅಂಬಲಿಯು ವಿಧಿ, ಚಹವು ವಿಕಲ್ಪ. ವೃದ್ಧರ ಅನ್ನದ ಚರಿತ್ರೆಯಲ್ಲಿ ಈ ‘ಬಹುದು’ ಎಂಬ ರೂಪವು ಮುಂದೆಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಈ ವ್ಯವಸ್ಥೆಯ ಕ್ರೌರ್ಯವು ೧೮೪೫ರಲ್ಲಿ ಆಂಡೋವರ್ ಎಂಬ ಊರಿನಲ್ಲಿ ಬಯಲಾಯಿತು. ಗೊಬ್ಬರಕ್ಕಾಗಿ ಮೂಳೆ ಕುಟ್ಟುವ ಕೆಲಸಕ್ಕೆ ಹಚ್ಚಿದ್ದ ನಿವಾಸಿಗಳು ಹಸಿವು ತಾಳಲಾರದೆ ಆ ಕೊಳೆತ ಮೂಳೆಗಳಿಗೆ ಅಂಟಿದ ಮಾಂಸವನ್ನೂ ಮಜ್ಜೆಯನ್ನೂ ತಿಂದರೆಂಬುದು ವಿಚಾರಣೆಯಿಂದ ಸಿದ್ಧವಾಯಿತು. ಎರಡು ವರ್ಷಗಳಲ್ಲಿ ಕಮೀಷನರುಗಳ ಅಧಿಕಾರವು ಕೊನೆಗೊಂಡು, ೧೮೪೭ರಲ್ಲಿ ಪಾರ್ಲಿಮೆಂಟಿಗೆ ಹೊಣೆಯಾದ ಬೇರೊಂದು ಮಂಡಲಿಯು ಬಂದಿತು. ಅರವತ್ತು ಮೀರಿದ ದಂಪತಿಗಳನ್ನು ವರ್ಕ್‌ಹೌಸಿನಲ್ಲಿ ಬಲಾತ್ಕಾರದಿಂದ ಅಗಲಿಸಕೂಡದೆಂಬ ನಿಯಮವು ಅದೇ ವರ್ಷದ್ದು. ಮುದುಕರಿಗೆ ಹೊಗೆಸೊಪ್ಪು ಮತ್ತು ನಸ್ಯ ಸಲ್ಲಲು ೧೮೯೨ರ ವರೆಗೆ ಕಾಯಬೇಕಾಯಿತು. ೧೮೯೪ರಲ್ಲಿ ಮುದುಕಿಯರಿಗೆ ಚಹದ ಪುಡಿಯನ್ನೇ ಕೊಟ್ಟು, ತಮಗೆ ಬೇಕಾದಾಗ ತಾವೇ ಕಾಸಿಕೊಳ್ಳಲು ಅವಕಾಶವಿತ್ತರು. ಸ್ವಂತ ಕೈಯಿಂದ ಚಹ ಕಾಸಿಕೊಳ್ಳುವುದು ಅಲ್ಪವಿಷಯವೆಂದು ತೋರಬಹುದು. ಸ್ವಂತದ್ದೆಂಬ ಮತ್ತಾವುದೂ ಉಳಿಯದವರಿಗೆ ಅದು ಅಲ್ಪವಲ್ಲ.

ಇಷ್ಟರಲ್ಲಿ ಚಾರ್ಲ್ಸ್ ಬೂತ್ ಮೊದಲಾದವರು ಬಡತನವನ್ನು ಅಂಕಿ ಅಂಶಗಳಿಂದ ಪರಿಶೋಧಿಸಿ, ವೃದ್ಧರ ದಾರಿದ್ರ್ಯಕ್ಕೆ ಸೋಮಾರಿತನಕ್ಕಿಂತಲೂ ಮುಪ್ಪೇ ಕಾರಣವೆಂದು ತೋರಿಸಿಕೊಟ್ಟರು. ಇದರ ಫಲವು ೧೯೦೮ರ ವೃದ್ಧಾಪ್ಯ ವೇತನದ ಶಾಸನ. ೧೯೦೯ನೆಯ ಜನವರಿ ೧ರಿಂದ, ಎಪ್ಪತ್ತು ವರ್ಷ ತುಂಬಿದ ಅಲ್ಪ ಆದಾಯದವರಿಗೆ ವಾರಕ್ಕೆ ಹೆಚ್ಚೆಂದರೆ ೫ ಷಿಲ್ಲಿಂಗು ಅಂಚೆಯ ಕಚೇರಿಯಲ್ಲಿ ದೊರೆಯತೊಡಗಿತು. ಅರ್ಹತೆಯನ್ನು ನಿರ್ಣಯಿಸುತ್ತಿದ್ದುದು ಸ್ಥಳೀಯ ಸಮಿತಿ. ಹಣವು ಮಾತ್ರ ದೇಶದ ಬೊಕ್ಕಸದ್ದು. ನಿಯಮಗಳಿಗೆ ಒಳಪಟ್ಟವನಿಗೆ ಇದು ಹಕ್ಕಾಗಿ ಬಂದಿತೇ ಹೊರತು ದಯೆಯಾಗಿ ಅಲ್ಲ. ಮನೆಯಲ್ಲಿ ಉಳಿದ ವೃದ್ಧನಿಗೆ ೧೮೩೪ರ ತರುವಾಯ ಸಂದ ಮೊದಲ ದೊಡ್ಡ ವಿಧಿ ಇದೇ ಎನ್ನಬಹುದು.

ಆದರೆ ಹಣವು ಅಡಿಗೆಯಲ್ಲ. ಮಾರುಕಟ್ಟೆಗೆ ನಡೆಯಲಾರದ, ಒಲೆಯ ಮುಂದೆ ನಿಲ್ಲಲಾರದ ಒಂಟಿ ಜೀವಕ್ಕೆ ಬೇಕಾದುದು ಬೇಯಿಸಿದ ಅನ್ನ. ಈ ಕೊರತೆಯನ್ನು ಎರಡನೆಯ ಮಹಾಯುದ್ಧವು ಸ್ಪಷ್ಟವಾಗಿ ಎತ್ತಿ ತೋರಿಸಿತು. ಇಂಡಿಯಾದ ವೈಸರಾಯಿಯಾಗಿದ್ದ ಲಾರ್ಡ್ ರೀಡಿಂಗರ ವಿಧವೆಯಾದ ಲೇಡಿ ರೀಡಿಂಗರು ೧೯೩೮ರಲ್ಲಿ ಸ್ಥಾಪಿಸಿದ ಮಹಿಳಾ ಸ್ವಯಂಸೇವಾ ಸಂಘದವರು ಯುದ್ಧಕಾಲದಲ್ಲಿ ಬಿಸಿಯೂಟವನ್ನು ವೃದ್ಧರ ಬಾಗಿಲಿಗೇ ಒಯ್ಯತೊಡಗಿದರು. ಮಕ್ಕಳ ಹಳೆಯ ತಳ್ಳುಬಂಡಿಗಳಲ್ಲಿ ಹುಲ್ಲನ್ನು ಹಾಸಿ ಪಾತ್ರೆಗಳನ್ನು ಬೆಚ್ಚಗಿಟ್ಟು ಸಾಗಿಸಿದ್ದೂ ಉಂಟು. ‘ಗಾಲಿಯ ಮೇಲಣ ಊಟ’ ಎಂಬ ಹೆಸರಿನಿಂದ ಈ ಸೇವೆಯು ಪ್ರಸಿದ್ಧವಾಯಿತು. ಊಟದೊಂದಿಗೆ ಬಾಗಿಲು ತಟ್ಟುವ ಒಬ್ಬ ಮನುಷ್ಯನೂ ಬರುತ್ತಾನೆಂಬುದು ಇದರ ವಿಶೇಷ. ಮುದುಕರು ಬಿದ್ದಿದ್ದರೆ, ಕಾಯಿಲೆಯಾಗಿದ್ದರೆ, ಅದು ಆ ದಿನವೇ ಹೊರಗಿನವರಿಗೆ ತಿಳಿಯುತ್ತಿತ್ತು.

ದರಿದ್ರಪೋಷಣ ಶಾಸನವನ್ನು ರದ್ದುಮಾಡಿದ ೧೯೪೮ರ ರಾಷ್ಟ್ರೀಯ ಸಹಾಯದ ಶಾಸನದಲ್ಲಿ ವಿಧಿವಿಕಲ್ಪಗಳ ಭೇದವು ಅತ್ಯಂತ ಸ್ಫುಟವಾಗಿ ಕಾಣಬರುತ್ತದೆ. ಮುಪ್ಪಿನಿಂದ ಆರೈಕೆ ಬೇಕಾದವರಿಗೆ ವಸತಿಗೃಹವನ್ನು ಒದಗಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು ೨೧ನೆಯ ಪ್ರಕರಣ ಹೇಳುತ್ತದೆ. ವೃದ್ಧರಿಗೆ ಊಟವೀಯುವ ಸ್ವಯಂಸೇವಾ ಸಂಘಗಳಿಗೆ ಆ ಸಂಸ್ಥೆಯು ಹಣಸಹಾಯ ಮಾಡಬಹುದೆಂದು ೩೧ನೆಯ ಪ್ರಕರಣ ಹೇಳುತ್ತದೆ. ಮನೆ ಬಿಟ್ಟು ಬಂದವನಿಗೆ ವಿಧಿ. ಮನೆಯಲ್ಲಿ ಉಳಿದವನ ಊಟಕ್ಕೆ ವಿಕಲ್ಪ. ೧೯೪೭ರ ಇನ್ನೊಂದು ಶಾಸನದಂತೆ ಸಾರ್ವಜನಿಕರಿಗಾಗಿ ಭೋಜನಶಾಲೆಯನ್ನು ನಡೆಸಬಹುದಾಗಿದ್ದ ಪುರಸಭೆಗೆ, ನಡೆಯಲಾರದ ಮುದುಕಿಯ ಮನೆಗೆ ತಾನೇ ಊಟ ಕಳುಹಿಸುವ ಅಧಿಕಾರವು ೧೯೬೨ರ ತಿದ್ದುಪಡಿಯಿಂದ ಬಂದಿತು. ಆಗಲೂ ಅದು ‘ಬಹುದು’. ಅದೇ ವರ್ಷ ಪ್ರಕಟವಾದ ಪೀಟರ್ ಟೌನ್ಸೆಂಡರ ‘ದಿ ಲಾಸ್ಟ್ ರೆಫ್ಯೂಜ್’ ಎಂಬ ಗ್ರಂಥವು, ವಿಧಿಯ ಮೇರೆಗೆ ಒದಗಿಸಿದ ವಸತಿಗೃಹಗಳಲ್ಲಿ ಅನೇಕವು ಹಿಂದಿನ ವರ್ಕ್‌ಹೌಸಿನ ಕಟ್ಟಡಗಳೇ ಎಂಬುದನ್ನು ಹೊರಗೆಡಹಿತು.

ತರುವಾಯದ ಶಾಸನಗಳು ಈ ನಿಲುವನ್ನು ಭಾಗಶಃ ಮಾತ್ರ ಬದಲಿಸಿದುವು. ಅಂಗವಿಕಲರಿಗೆ ಅಗತ್ಯ ಕಂಡಲ್ಲಿ ಮನೆಯಲ್ಲಿಯಾಗಲಿ ಬೇರೆಡೆಯಲ್ಲಿಯಾಗಲಿ ಊಟವನ್ನು ಏರ್ಪಡಿಸುವುದು ೧೯೭೦ರಲ್ಲಿ ಕರ್ತವ್ಯವಾಯಿತು. ಕೇವಲ ವೃದ್ಧರಾದವರ ವಿಷಯವು ೧೯೬೮ರ ಶಾಸನದಂತೆ ವಿಕಲ್ಪವಾಗಿಯೇ ಉಳಿಯಿತು. ೨೦೧೪ರ ಆರೈಕೆಯ ಶಾಸನವು ನಿಯಮಿತ ಮಟ್ಟವನ್ನು ಮುಟ್ಟಿದ ಅಗತ್ಯಗಳನ್ನು ಪೂರೈಸುವುದನ್ನು ಕರ್ತವ್ಯವೆಂದು ಸಾರಿ, ಆಹಾರಪೋಷಣೆಯನ್ನೂ ಆ ಗಣನೆಯಲ್ಲಿ ಸೇರಿಸಿತು. ಆದರೆ ಅದನ್ನು ಯಾವ ಮಾರ್ಗದಿಂದ ಪೂರೈಸಬೇಕೆಂಬುದು ಸಂಸ್ಥೆಗಳ ವಿವೇಚನೆಗೆ ಸೇರಿತು. ಕೇಂದ್ರದಿಂದ ಬರುವ ಹಣವು ೨೦೧೦ರ ಅನಂತರ ಇಳಿಮುಖವಾದಾಗ ಅನೇಕ ಸ್ಥಳೀಯ ಸಂಸ್ಥೆಗಳು ಗಾಲಿಯ ಮೇಲಣ ಊಟವನ್ನು ನಿಲ್ಲಿಸಿಬಿಟ್ಟುವು. ಬೊಕ್ಕಸವು ಬರಿದಾದಾಗ ಮೊದಲು ಲೋಪವಾಗುವುದು ವಿಕಲ್ಪವೇ.

ಈ ಚರಿತ್ರೆಯು ಕೇವಲ ಪರದೇಶದ ವೃತ್ತಾಂತವಾಗಿ ಉಳಿಯುವುದಿಲ್ಲ. ಭಾರತದಲ್ಲಿ ೨೦೦೭ರಲ್ಲಿ ಅಂಗೀಕೃತವಾದ, ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮವನ್ನು ಕುರಿತ ಶಾಸನವನ್ನು ಇದರೊಡನೆ ಹೋಲಿಸಿ ನೋಡಬಹುದು. ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳನ್ನು ಸಲಹುವುದು ಮಕ್ಕಳಿಗೆ ಅದರಲ್ಲಿ ವಿಧಿಯಾಗಿದೆ. ೧೬೦೧ರ ಶಾಸನದಲ್ಲಿಯೂ ಹಾಗೆಯೇ ಇದ್ದಿತು. ರಾಜ್ಯ ಸರಕಾರಗಳಾದರೋ, ನಿರ್ಗತಿಕ ವೃದ್ಧರಿಗಾಗಿ ಜಿಲ್ಲೆಗೆ ಒಂದರಂತೆ ಮೊದಲುಗೊಂಡು, ಅಗತ್ಯವೆಂದು ತೋರಿದಷ್ಟು ವೃದ್ಧಾಶ್ರಮಗಳನ್ನು ಸ್ಥಾಪಿಸಬಹುದೆಂದು ಅದರ ೧೯ನೆಯ ಪ್ರಕರಣವು ಹೇಳುತ್ತದೆ. ಮಕ್ಕಳಿಗೆ ‘ತಕ್ಕದ್ದು’, ಸರಕಾರಕ್ಕೆ ‘ಬಹುದು’. ‘ಅಗತ್ಯವೆಂದು ತೋರಿದಷ್ಟು’ ಎಂಬ ಮಾತು ೧೮೩೫ರ ಚಹದ ಟಿಪ್ಪಣಿಗೆ ಬಹು ದೂರದ್ದಲ್ಲ.

ದಾನಶೀಲತೆಯು ಇಂಗ್ಲೆಂಡಿನಲ್ಲಿ ಯಾವ ಕಾಲದಲ್ಲಿಯೂ ಬತ್ತಿರಲಿಲ್ಲ. ತಳ್ಳುಬಂಡಿಯಲ್ಲಿ ಊಟವನ್ನು ಒಯ್ದವರು ಯಾವ ಶಾಸನಕ್ಕಾಗಿಯೂ ಕಾಯಲಿಲ್ಲ. ಆದರೆ ಅವರ ಕಾರ್ಯವು ನಾಳೆಯೂ ನಡೆಯುವುದೆಂಬ ಭರವಸೆಯನ್ನು ಕೊಡಬಲ್ಲುದು ತೆರಿಗೆಯನ್ನು ಎತ್ತುವ ಸಂಸ್ಥೆ ಮಾತ್ರ. ಆ ಭರವಸೆಯ ಅಳತೆಯು ಶಾಸನದ ಕ್ರಿಯಾಪದದಲ್ಲಿ ಅಡಗಿದೆ. ವೃದ್ಧರ ವಿಷಯದಲ್ಲಿ ರಾಜ್ಯವೊಂದು ಏನನ್ನು ಘೋಷಿಸಿತೆಂದು ತಿಳಿಯಬೇಕಾದರೆ ಅದರ ಪೀಠಿಕೆಗಳನ್ನು ಓದಿದರೆ ಸಾಕು. ಏನನ್ನು ಒಪ್ಪಿಕೊಂಡಿತೆಂದು ತಿಳಿಯಬೇಕಾದರೆ ವಾಕ್ಯದ ಕೊನೆಯ ಪದವನ್ನು ನೋಡಬೇಕು.