ಲಾರಿಯವರಿಗೆ ಬೇಡವಾದ ಆರ್ಡನ್ ಹೆಡ್

ಯಂತ್ರವೆಂದರೆ ವರ್ಷವರ್ಷಕ್ಕೂ ಬೆಲೆ ಕಳೆದುಕೊಳ್ಳುವ ವಸ್ತು. ಮುಂಬಯಿಯ ಶಾಖೆಗಳಲ್ಲಿ ಸವಕಳಿ ಬರೆದೂ ಬರೆದೂ ನನ್ನ ಕೈಯೇ ಸವೆದಿದೆ. ಅಮೆರಿಕದ ಹಾಟ್‌ರಾಡ್ ಕಾರುಗಳ ಹಳೇ ಬಿಡಿಭಾಗಗಳ ಕಥೆ ಓದಿದಾಗ ಈ ಬಿಕಾಂ ಲೆಕ್ಕ ತಲೆಕೆಳಗಾಯಿತು ನೋಡಿ!

1932ರಲ್ಲಿ ಹೆನ್ರಿ ಫೋರ್ಡ್ ಸಾಮಾನ್ಯರ ಕಾರಿಗೂ ವಿ-8 ಎಂಜಿನ್ ಕೊಟ್ಟ. 65 ಅಶ್ವಶಕ್ತಿ. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿ, ಮೇಲಿನ ಮುಚ್ಚಳ ಚಪ್ಪಟೆ. ಅದಕ್ಕೇ ಫ್ಲ್ಯಾಟ್‌ಹೆಡ್ ಅಂತ ಹೆಸರು. ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್ ಕೊಂಡು, ಮಡ್‌ಗಾರ್ಡ್ ಕಿತ್ತೆಸೆದು, ಒಣಗಿದ ಕೆರೆಗಳ ಮೇಲೆ ಓಡಿಸುತ್ತಿದ್ದರು. ಇನ್ನೂ ವೇಗ ಬೇಕೆಂದವರಿಗೆ ರಾಬರ್ಟ್ ಮೆಕಲಕ್ 1930ರ ದಶಕದಲ್ಲೇ ಸೂಪರ್‌ಚಾರ್ಜರ್ ಮಾರಿದ. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಪಂಪು ಅದು. (1968ರಲ್ಲಿ ಲಂಡನ್ ಬ್ರಿಡ್ಜನ್ನೇ ಕೊಂಡು ಅರಿಝೋನಾಕ್ಕೆ ಸಾಗಿಸಿದ ಪುಣ್ಯಾತ್ಮನೂ ಇವನೇ!)

ತೊಂದರೆ ಶಾಖದ್ದು. ಫ್ಲ್ಯಾಟ್‌ಹೆಡ್ಡಿನಲ್ಲಿ ಸುಟ್ಟ ಹೊಗೆ ಎಂಜಿನ್ನಿನ ಒಡಲೊಳಗಿಂದಲೇ ಹಾದು ಹೊರಬರಬೇಕು. ಗಾಳಿ ಹೆಚ್ಚು ತುಂಬಿದಷ್ಟೂ ಒಲೆ ಜೋರು. ಮದ್ದು ಹುಡುಕಿದವನು ಝೋರಾ ಆರ್ಕಸ್-ಡಂಟಾವ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವನು ಮಾಡಿದ ಅಲ್ಯೂಮಿನಿಯಂ 'ಆರ್ಡನ್' ಹೆಡ್, ವಾಲ್ವ್‌ಗಳನ್ನು ಮೇಲಕ್ಕೇರಿಸಿ ಹೊಗೆಯನ್ನು ನೇರ ಹೊರಗೆ ಬಿಟ್ಟಿತು. ಅವನ ಲೆಕ್ಕ ಇದ್ದದ್ದು ಬಿಸಿಯಾಗುವ ಫೋರ್ಡ್ ಲಾರಿಗಳ ಮೇಲೆ. ಲಾರಿಯವರು ಕೊಳ್ಳಲಿಲ್ಲ! ಹುಚ್ಚು ಹತ್ತಿದ್ದು ರೇಸಿನವರಿಗೆ. ಅದರ ಮೇಲೆ ಸೂಪರ್‌ಚಾರ್ಜರ್ ಕೂರಿಸಿದವರೂ ಉಂಟು. ಅಷ್ಟರಲ್ಲಿ, 1949ಕ್ಕೆ, ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೈಲ್ ಕಾರ್ಖಾನೆಯಿಂದಲೇ ಮೇಲ್ವಾಲ್ವಿನ ವಿ-8 ತಂದವು. ಡಂಟಾವ್ 1953ರಲ್ಲಿ ಜನರಲ್ ಮೋಟಾರ್ಸ್ ಸೇರಿ ಕಾರ್ವೆಟ್ ಕಾರಿನಿಂದ ಹೆಸರಾದ.

ಮಾರಾಟವಾಗದ್ದಕ್ಕೇ ಆರ್ಡನ್ ಇವತ್ತು ಅಪರೂಪ, ಸಂಗ್ರಾಹಕರ ಕೈಯಲ್ಲಿ ಚಿನ್ನ. ಆ ಕಾಲದಲ್ಲಿ ಅದರ ಸಾಲದ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ? ಖಂಡಿತ ವಾಪಸು ಕಳಿಸುತ್ತಿದ್ದೆ.