ಕೀನ್ಯಾದ ಸಿಂಹ ಜೋಗಿಂದರ್ ಸಿಂಗ್

'ಹಾರುವ ಸಿಖ್ಖ' ಎಂದೊಡನೆ ನಮ್ಮವರಿಗೆ ನೆನಪಾಗುವುದು ಓಟಗಾರ ಮಿಲ್ಖಾ ಸಿಂಗ್. ಅದೇ ಬಿರುದನ್ನು ಪಡೆದ ಇನ್ನೊಬ್ಬ ಸರದಾರರು ಪೂರ್ವ ಆಫ್ರಿಕದಲ್ಲಿದ್ದರು. ಅವರು ಓಡಿದ್ದು ಕಾಲಿನಿಂದಲ್ಲ, ಕಾರಿನಿಂದ. ಸ್ವಾಹಿಲಿ ಮಾತನಾಡುವ ಜನ ಅವರನ್ನು 'ಸಿಂಬಾ', ಅಂದರೆ ಸಿಂಹ, ಎಂದು ಕರೆಯುತ್ತಿದ್ದರು. 'ಸಿಂಗ್' ಎಂಬ ಹೆಸರಿನ ಅರ್ಥವೂ ಅದೇ ಎಂಬುದು ಅವರಿಗೆಲ್ಲ ತಿಳಿದಿತ್ತೋ ಇಲ್ಲವೋ!

ಭಾರತೀಯರು ಅಷ್ಟು ದೂರದ ನಾಡಿಗೆ ಹೋದದ್ದರ ಹಿಂದೆ ಒಂದು ರೈಲುಹಾದಿಯ ಕಥೆಯಿದೆ. 1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಕಂಬಿ ಹಾಸಿದರು. ಆ ಕೆಲಸಕ್ಕೆ ನಮ್ಮ ದೇಶದಿಂದ ಸುಮಾರು 32,000 ಕೂಲಿಗಳನ್ನು ಹಡಗಿನಲ್ಲಿ ಒಯ್ದರು. ಸುಮಾರು 2,500 ಮಂದಿ ಅಲ್ಲಿಯೇ ಮಡಿದರು. ಉಳಿದವರಲ್ಲಿ ಬಹುಪಾಲು ಜನ ಹಿಂದಿರುಗಿದರಾದರೂ ಹಾದಿಯೊಂದು ತೆರೆದಿತ್ತು. ಬಡಗಿಗಳು, ಕಮ್ಮಾರರು, ವ್ಯಾಪಾರಿಗಳು ತಂಡತಂಡವಾಗಿ ಹೋಗಿ ನೆಲೆಸಿದರು. ಪಂಜಾಬಿನಿಂದ ಹೀಗೆ ಹೋಗಿ ಗ್ಯಾರೇಜು ನಡೆಸುತ್ತಿದ್ದ ಬತ್ತನ್ ಸಿಂಗ್ ಎಂಬವರ ಮಗನೇ ಜೋಗಿಂದರ್. ಹುಟ್ಟಿದ್ದು 1932ರಲ್ಲಿ, ಚಹಾ ತೋಟಗಳ ಊರಾದ ಕೆರಿಚೊದಲ್ಲಿ.

ಆ ಗ್ಯಾರೇಜೇ ಅವರ ಪಾಠಶಾಲೆ. 1958ರಲ್ಲಿ ಅಲ್ಲಿನ ರಾಯಲ್ ಈಸ್ಟ್ ಆಫ್ರಿಕನ್ ಆಟೊಮೊಬೈಲ್ ಅಸೋಸಿಯೇಷನ್ ಅವರನ್ನು ತನ್ನ ಮೊದಲ ಗಸ್ತುಗಾರನನ್ನಾಗಿ ನೇಮಿಸಿಕೊಂಡಿತು. ರಸ್ತೆಯಲ್ಲಿ ಕೆಟ್ಟುನಿಂತ ಗಾಡಿಗಳ ಬಳಿಗೆ ಹೋಗಿ ರಿಪೇರಿ ಮಾಡಿಕೊಡುವುದು ಆ ಕೆಲಸ. ಯಾವ ಹಳ್ಳದಲ್ಲಿ ಯಾವ ಕಾರು ಏಕೆ ಮುರಿಯುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ವಿದ್ಯಾಭ್ಯಾಸ ಬೇರೆ ಇದ್ದೀತೆ? ಮರುವರ್ಷವೇ ಅವರು ಸಫಾರಿ ರ‍್ಯಾಲಿಗೆ ಇಳಿದರು.

ಈ ಸ್ಪರ್ಧೆ ಆರಂಭವಾದದ್ದು 1953ರಲ್ಲಿ, ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ನೆನಪಿಗಾಗಿ. ಕೀನ್ಯಾ, ಉಗಾಂಡ, ಟಾಂಗನ್ಯೀಕ ಮೂರೂ ನಾಡುಗಳಲ್ಲಿ ಸಾವಿರಾರು ಕಿಲೋಮೀಟರು ಓಡಬೇಕು. ಗೊತ್ತುಪಡಿಸಿದ ಠಾಣೆಗಳನ್ನು ತಲುಪಲು ತಡವಾದಷ್ಟೂ ದಂಡದ ಅಂಕಗಳು ಏರುತ್ತವೆ. ಕಡಿಮೆ ದಂಡ ತೆತ್ತವನೇ ವಿಜಯಿ. ರಸ್ತೆಯನ್ನು ಸ್ಪರ್ಧೆಗಾಗಿ ಮುಚ್ಚುತ್ತಿರಲಿಲ್ಲ. ದನ, ಲಾರಿ, ಕಾಡುಪ್ರಾಣಿ ಎಲ್ಲವೂ ಎದುರಾಗುತ್ತಿದ್ದವು. ಕಾಲವೋ ಈಸ್ಟರ್ ಹಬ್ಬದ್ದು, ಅಂದರೆ ಅಲ್ಲಿ ದೊಡ್ಡ ಮಳೆ ಹಿಡಿಯುವ ಸಮಯ. ಬಿಸಿಲಿದ್ದರೆ ಮುಂದಿನ ಕಾರೇ ಕಾಣದಷ್ಟು ಧೂಳು, ಮಳೆ ಬಂದರೆ ಕೆಸರು. ನೈರೋಬಿಯ ಸುತ್ತಲಿನ ಬಯಲುಗಳಲ್ಲಿ ಇರುವುದು ನಮ್ಮ ಗದಗ, ಧಾರವಾಡದ ಕಡೆಯಂಥದೇ ಎರೆಮಣ್ಣು. ಮಳೆಗಾಲದಲ್ಲಿ ಎರೆಹೊಲದ ಹಾದಿಯಲ್ಲಿ ಚಕ್ಕಡಿ ಹೊಡೆದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 1963ರಲ್ಲಿ ಹೊರಟ 84 ಕಾರುಗಳಲ್ಲಿ ಗುರಿ ಮುಟ್ಟಿದ್ದು ಏಳು. 1968ರಲ್ಲಿ ತೊಂಬತ್ತಕ್ಕೂ ಹೆಚ್ಚು ಹೊರಟವು, ಮುಟ್ಟಿದ್ದು ಮತ್ತೆ ಏಳೇ. ಆ ಎರಡು ಏಳರಲ್ಲಿಯೂ ಜೋಗಿಂದರ್ ಇದ್ದರು! ಅವರ ಗೆಲುವುಗಳಿಗಿಂತ ಇದೇ ಹೆಚ್ಚಿನದೆಂದು ನನಗೆ ತೋರುತ್ತದೆ.

ಮೊದಲ ಗೆಲುವು 1965ರದು. ಜೊತೆಗೆ ದಾರಿ ತೋರಲು ಕುಳಿತವನು ತಮ್ಮ ಜಸ್ವಂತ್. ಕಾರು, ಕಾರ್ಖಾನೆಯ ತಂಡ ಬಳಸಿ ಕೈಬಿಟ್ಟಿದ್ದ ವೋಲ್ವೊ ಪಿವಿ 544. ಹೊರಡುವ ಸರದಿಯಲ್ಲಿ ಮೊದಲ ಸಂಖ್ಯೆ ಅವರದಾದ್ದರಿಂದ ಮುಂದೆ ಧೂಳೆಬ್ಬಿಸುವವರು ಯಾರೂ ಇರಲಿಲ್ಲ. ಯುರೋಪಿನ ಹೆಸರಾಂತ ಚಾಲಕರನ್ನೆಲ್ಲ ಹಿಂದಿಕ್ಕಿ ಅಣ್ಣತಮ್ಮಂದಿರು ನೈರೋಬಿಗೆ ಬಂದರು. ಕೀನ್ಯಾ ಸ್ವತಂತ್ರವಾಗಿ ಆಗ ಒಂದೂವರೆ ವರ್ಷವೂ ತುಂಬಿರಲಿಲ್ಲ.

ಸ್ವಾತಂತ್ರ್ಯದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಅಲ್ಲಿನ ಭಾರತೀಯರು ಆಗ ಬಿಳಿಯರಿಗೂ ಕರಿಯರಿಗೂ ನಡುವೆ ಸಿಕ್ಕಿಕೊಂಡಿದ್ದರು. 1967ರಲ್ಲಿ ಕೀನ್ಯಾ ಸರ್ಕಾರ ಪೌರತ್ವ ಪಡೆಯದವರ ಉದ್ಯೋಗ, ವ್ಯಾಪಾರಗಳಿಗೆ ಪರವಾನಗಿಯ ಕಟ್ಟುಪಾಡು ತಂದಿತು. ಸಾವಿರಾರು ಮಂದಿ ಗಂಟುಮೂಟೆ ಕಟ್ಟಿದರು. ಅವರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ 1968ರಲ್ಲಿ ಬ್ರಿಟನ್ ಅವಸರದಲ್ಲಿ ಕಾನೂನು ಮಾಡಿ ಬಾಗಿಲನ್ನು ಅರೆಮುಚ್ಚಿತು. 1972ರಲ್ಲಂತೂ ಉಗಾಂಡದ ಇದಿ ಅಮೀನ್ ಏಷ್ಯನ್ನರಿಗೆ ತೊಂಬತ್ತು ದಿನಗಳ ಗಡುವು ಕೊಟ್ಟು ಹೊರದೂಡಿದ. ಹಾಗೆ ಉಗಾಂಡ ಬಿಟ್ಟು ಕೀನ್ಯಾಕ್ಕೆ ಬಂದವರಲ್ಲಿ ಶೇಖರ್ ಮೆಹ್ತಾ ಒಬ್ಬರು. 1973ರ ಸಫಾರಿಯಲ್ಲಿ ಅವರದೂ ಸ್ವೀಡನ್ನಿನ ಹ್ಯಾರಿ ಶೆಲ್‌ಸ್ಟ್ರೋಮ್‌ರದೂ ದಂಡದ ಅಂಕಗಳು ಸಮಸಮವಾದವು. ಆರಂಭದಿಂದ ಹೆಚ್ಚು ದೂರ ದಂಡವಿಲ್ಲದೆ ಬಂದವರು ಮೆಹ್ತಾ ಎಂಬ ಕಾರಣಕ್ಕೆ ಗೆಲುವು ಅವರದಾಯಿತು. ಮುಂದೆ 1979ರಿಂದ 1982ರವರೆಗೆ ಸತತ ನಾಲ್ಕು ಬಾರಿ ಗೆದ್ದು ಒಟ್ಟು ಐದು ಗೆಲುವುಗಳ ದಾಖಲೆ ಮಾಡಿದರು. ಯಾರನ್ನು 'ಹೊರಗಿನವರು' ಎನ್ನುತ್ತಿದ್ದರೋ ಅವರ ಕಾರನ್ನು ನೋಡಲು ಹಳ್ಳಿಹಳ್ಳಿಯ ಜನ ರಸ್ತೆಯ ಅಂಚಿನಲ್ಲಿ ಕಾದು ನಿಲ್ಲುತ್ತಿದ್ದರು.

ಜೋಗಿಂದರ್ ಅವರ ಎರಡನೆಯ ಗೆಲುವು 1974ರಲ್ಲಿ, ಜೊತೆಗಾರ ಡೇವಿಡ್ ಡಾಯಿಗ್. ಮಿತ್ಸುಬಿಷಿ ಲ್ಯಾನ್ಸರ್ ಎಂಬ ಆ ಚಿಕ್ಕ ಜಪಾನೀ ಕಾರಿನ ಎದುರಾಳಿ ಬಿಯರ್ನ್ ವಾಲ್ಡೆಗಾರ್ಡರ ಪೋರ್ಷೆ 911. ಮಳೆಯೋ ಮಳೆ. ಬಹಳ ಮುಂದಿದ್ದ ಪೋರ್ಷೆಯ ಸಸ್ಪೆನ್ಷನ್ ಕೈಕೊಟ್ಟಿತು. ಲ್ಯಾನ್ಸರ್ ಮೊದಲು ಬಂತು, ಪೋರ್ಷೆ ಎರಡನೆಯದಾಯಿತು. ಇದನ್ನು ಅದೃಷ್ಟವೆಂದವರೂ ಇರಬಹುದು. ನಾನು ಒಪ್ಪಲಾರೆ. ಗಾಡಿಯನ್ನು ಮುರಿಯದಂತೆ ನಡೆಸುವುದೇ ಸಫಾರಿಯ ಅರ್ಧ ವಿದ್ಯೆ, ಅದು ಗಸ್ತುಗಾರನಿಗೆ ಗೊತ್ತಿತ್ತು. 1976ರಲ್ಲಿ ಅದೇ ಜೊತೆಗಾರ, ಅದೇ ಲ್ಯಾನ್ಸರ್, ಮತ್ತೆ ಗೆಲುವು. ಆ ವರ್ಷ ಮೊದಲ ಮೂರು ಸ್ಥಾನಗಳೂ ಮಿತ್ಸುಬಿಷಿಯವೇ ಆದವು. ಸಫಾರಿಯನ್ನು ಮೂರು ಬಾರಿ ಗೆದ್ದವರಲ್ಲಿ ಜೋಗಿಂದರ್ ಮೊದಲಿಗರು.

ಕೊನೆಯ ಬಾರಿ ಅವರು ಸಫಾರಿಯಲ್ಲಿ ಓಡಿದ್ದು 1980ರಲ್ಲಿ. ಅಷ್ಟರಲ್ಲಿ 22 ಬಾರಿ ಹೊರಟಿದ್ದರು, 19 ಬಾರಿ ಗುರಿ ಮುಟ್ಟಿದ್ದರು. ಶೇಖರ್ ಮೆಹ್ತಾ 2006ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಜೋಗಿಂದರ್ ಕೂಡ 2013ರ ಅಕ್ಟೋಬರಿನಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ಅದೇ ಊರಿನಲ್ಲಿ ಕಣ್ಣುಮುಚ್ಚಿದರು. 2002ರ ನಂತರ ವಿಶ್ವ ಚಾಂಪಿಯನ್‌ಷಿಪ್ಪಿನ ಪಟ್ಟಿಯಿಂದ ಬಿಟ್ಟುಹೋಗಿದ್ದ ಸಫಾರಿ 2021ರಲ್ಲಿ ಮತ್ತೆ ಸೇರಿತು. ಆದರೆ ಈಗಿನ ಹಾದಿ ಮೊದಲಿನದಕ್ಕಿಂತ ಬಹಳ ಗಿಡ್ಡ.