ಹಂಡೆಯ ಹಬೆ, ಮೆಥನಾಲ್ ಸಾರ: ಹಾಸನ ಸೀಮೆಯ ಔಷಧಿ ಗಿಡಗಳ ಪರೀಕ್ಷೆಯಲ್ಲಿ ಒಂದು ವಿಧಾನದ ಪ್ರಶ್ನೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಹಳ್ಳದ ಬದಿಯ ಲಕ್ಕಿ, ಬೇಲಿಯ ಆಡುಸೋಗೆ, ಒಣ ಬಯಲಿನ ತಂಗಡಿ ಎಲ್ಲರಿಗೂ ಗುರುತಿನ ಗಿಡಗಳು. ಆದರೆ ಇವುಗಳನ್ನು ಬಳಸುವ ಬಗೆ ಒಂದೇ ಅಲ್ಲ. ಬಾಣಂತಿಯ ಸ್ನಾನದ ಹಂಡೆಗೆ ಲಕ್ಕಿ ಸೊಪ್ಪು ಬೀಳುತ್ತದೆ. ಆಡುಸೋಗೆ ಎಲೆ ಕೆಮ್ಮಿಗೆ ಕಷಾಯವಾಗುತ್ತದೆ. ತಂಗಡಿಯ ತೊಗಟೆ ಹಿಂದಿನಿಂದಲೂ ಚರ್ಮ ಹದ ಮಾಡುವವರಿಗೆ ಬೇಕಾದದ್ದು.

ಪ್ರಯೋಗಾಲಯದ ಬಾಗಿಲು ದಾಟಿದೊಡನೆ ಈ ಭೇದ ಅಳಿಸಿಹೋಗುತ್ತದೆ. ಎಲ್ಲವನ್ನೂ ಒಣಗಿಸಿ, ಪುಡಿ ಮಾಡಿ, ಸಾಕ್ಸ್‌ಲೆಟ್ ಉಪಕರಣದಲ್ಲಿ ಮೆಥನಾಲ್‌ನಿಂದ ಸಾರ ತೆಗೆದು, ದ್ರಾವಕವನ್ನು ಆವಿಯಾಗಿಸುವುದು ರೂಢಿ. ಫಲಿತಾಂಶದ ಬಹುಪಾಲು ಇಲ್ಲಿಯೇ ತೀರ್ಮಾನವಾಗಿರುತ್ತದೆ ಎಂಬುದು ಈ ಲೇಖನದ ವಾದ. ಲಕ್ಕಿಯ ಘಾಟು ವಾಸನೆಗೆ ಕಾರಣ ಅದರ ಎಲೆಯಲ್ಲಿರುವ, ಸುಲಭವಾಗಿ ಆವಿಯಾಗುವ ತೈಲ. ಒಣಗಿಸುವಾಗ, ದ್ರಾವಕ ಆರಿಸುವಾಗ ಅದರಲ್ಲೊಂದು ಪಾಲು ಹಾರಿಹೋಗುತ್ತದೆ. ಹಾಗೆ ಉಳಿದ ಸಾರ ದುರ್ಬಲವೆಂದು ಕಂಡರೆ ಲಕ್ಕಿಯೇ ದುರ್ಬಲವೆನ್ನಲಾಗದು. ಚೀನಾದ ತು ಯೂಯೂ ಅವರ ಅನುಭವ ಇಲ್ಲಿ ನೆನಪಾಗಬೇಕು. ಗಿಡವನ್ನು ನೆನೆಸಿ ಹಿಂಡಬೇಕೆಂದು ಪ್ರಾಚೀನ ವೈದ್ಯಗ್ರಂಥವೊಂದು ಹೇಳಿದ್ದನ್ನು ಗಮನಿಸಿ ಅವರು ಕಾಯಿಸುವುದನ್ನು ಬಿಟ್ಟು, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿದರು. ಮಲೇರಿಯಾಕ್ಕೆ ಆರ್ಟಿಮಿಸಿನಿನ್ ದೊರೆತದ್ದು ಹಾಗೆ. 2015ರಲ್ಲಿ ನೊಬೆಲ್ ಬಂತು.

ಉತ್ಕರ್ಷಣ ನಿರೋಧಕ ಗುಣಕ್ಕೆ ಹೆಚ್ಚು ಬಳಕೆಯಲ್ಲಿರುವುದು ಬ್ಲೋಯಿಸ್ 1958ರಲ್ಲಿ ಮುಂದಿಟ್ಟ ಡಿಪಿಪಿಎಚ್ ವಿಧಾನ. ನೇರಳೆ ಬಣ್ಣದ ದ್ರಾವಣ ಹಳದಿಗೆ ತಿರುಗುವುದನ್ನು 517 ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾರೆ. ತಂಗಡಿ ತೊಗಟೆಯಂಥ ಟ್ಯಾನಿನ್ ತುಂಬಿದ ವಸ್ತು ಇಲ್ಲಿ ಗೆಲ್ಲುವುದು ಸಹಜ. ಆದರೆ ದೊಡ್ಡ ಅಣುಗಳ ಟ್ಯಾನಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ತೀರ ಕಡಿಮೆ. ಗಾಜಿನ ನಳಿಕೆಯಲ್ಲಿ ಬಣ್ಣ ಬದಲಾದದ್ದನ್ನು ಮೈಯೊಳಗಿನ ಗುಣವೆಂದು ಬರೆಯುವ ಅವಸರ ನನಗೆ ಒಪ್ಪಿತವಲ್ಲ.

ಸೂಕ್ಷ್ಮಜೀವಿ ನಿರೋಧಕ ಪರೀಕ್ಷೆಯಲ್ಲೂ ತೊಡಕಿದೆ. ಅಗರ್ ತಟ್ಟೆಯ ಮೇಲೆ ಬಿಲ್ಲೆಯ ಸುತ್ತ ಮೂಡುವ ತಿಳಿವಲಯದ ಅಗಲ, ಸಾರದ ಶಕ್ತಿಯನ್ನಷ್ಟೇ ಅಲ್ಲ, ಅದು ಅಗರ್‌ನಲ್ಲಿ ಎಷ್ಟು ಹರಡಬಲ್ಲದು ಎಂಬುದನ್ನೂ ಹೇಳುತ್ತದೆ. ನೀರಿಗೆ ಒಗ್ಗದ ತೈಲ ಅಲ್ಲಿ ಹಿಂದೆ ಬೀಳುತ್ತದೆ. ಆದ್ದರಿಂದ 96 ಕುಳಿಗಳ ತಟ್ಟೆಯಲ್ಲಿ ಕನಿಷ್ಠ ಪ್ರತಿಬಂಧಕ ಸಾಂದ್ರತೆಯನ್ನು ಅಳೆಯುವುದೇ ಸರಿ. ಸಾರವನ್ನು ಕರಗಿಸಿದ ಡಿಎಂಎಸ್‌ಒ ಮಾತ್ರವಿರುವ ಕುಳಿಯೂ ಪಕ್ಕದಲ್ಲಿರಬೇಕು. ಮಿಲಿಲೀಟರಿಗೆ 1 ಮಿಲಿಗ್ರಾಂ ಮೀರಿದ ಮೇಲೆ ಮಾತ್ರ ಬೆಳವಣಿಗೆ ತಡೆಯುವ ಸಾರವನ್ನು 'ಪರಿಣಾಮಕಾರಿ' ಎನ್ನದಿರುವುದು ಲೇಸು. ಹೊರಪೊರೆಯ ರಕ್ಷಣೆಯಿರುವ ಇ. ಕೋಲಿ ಮಣಿಯದೆ ಸ್ಟ್ಯಾಫಿಲೊಕಾಕಸ್ ಮಣಿದರೆ ಅದರಲ್ಲಿ ಅಚ್ಚರಿಯೇನಿಲ್ಲ.

ಗಿಡದ ಗುರುತಿಗೆ ಸಲ್ಡಾನಾ ಮತ್ತು ನಿಕೋಲ್ಸನ್ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗ್ರಂಥ (1976) ನಮ್ಮ ಕೈಯಲ್ಲಿದೆ. ಇಂಥ ಆಧಾರ ಎಲ್ಲ ಜಿಲ್ಲೆಗೂ ಇಲ್ಲ. ಆದರೂ ಒಣಗಿಸಿದ ಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿಟ್ಟು, ಕಿತ್ತ ಊರು, ತಿಂಗಳು ದಾಖಲಿಸದ ಪ್ರಯೋಗವನ್ನು ಇನ್ನೊಬ್ಬರು ಮರಳಿ ಮಾಡಲಾರರು.

ಹಾಗಾಗಿ ನಾನು ಸೂಚಿಸುವ ಪ್ರಯೋಗ ಸರಳವಾದದ್ದು. ಹೊಳೆನರಸೀಪುರದ ಹೇಮಾವತಿ ದಂಡೆಯಲ್ಲಿ ಒಂದೇ ದಿನ ಕೊಯ್ದ ಲಕ್ಕಿ ಸೊಪ್ಪನ್ನು ಮೂರು ಪಾಲು ಮಾಡುವುದು. ಒಂದು ಪಾಲು ರೂಢಿಯ ಮೆಥನಾಲ್‌ಗೆ. ಇನ್ನೊಂದನ್ನು ಹಸಿಯಾಗಿಯೇ, ಹಂಡೆಯಲ್ಲಿ ಹಾಕುವಂತೆ, ನೀರಲ್ಲಿ ಕುದಿಸುವುದು. ಮೂರನೆಯ ಪಾಲನ್ನೂ ಹಸಿಯಾಗಿಯೇ ಕ್ಲೆವೆಂಜರ್ ಉಪಕರಣಕ್ಕೆ ಹಾಕಿ, ಹಬೆಯೊಡನೆ ಏಳುವ ತೈಲವನ್ನು ಹಿಡಿಯುವುದು. ಆಮೇಲೆ ಮೂರನ್ನೂ ಅವೇ ಬ್ಯಾಕ್ಟೀರಿಯಾಗಳ ಎದುರು, ಒಂದೇ ತಟ್ಟೆಯಲ್ಲಿ ಇಟ್ಟು ನೋಡುವುದು.